ಗೇಟಿನವರೆಗೆ

ಗಂಡನ ಹೆಣದ ಕೊರಳಿಗೆ ಮೈದುನ ಕಟ್ಟುತ್ತಿದ್ದ ಪಾದ್ರಿಗಳ ಬಿಳಿಪಟ್ಟಿಯನ್ನು ಅವಳು ಬಿಚ್ಚಿ ಪಕ್ಕಕ್ಕಿಟ್ಟಳು.

"ಹದಿನಾರು ವರ್ಷ ಕಟ್ಟಿದ್ದ ಪಟ್ಟಿ ಅತ್ತಿಗೆ. ಹೋಗುವಾಗಲಾದ್ರೂ ಇರಲಿ."

"ಬಿಟ್ಟು ಇಪ್ಪತ್ತೆರಡು ವರ್ಷ ಆಯ್ತಲ್ಲಪ್ಪ," ಎಂದಳು.

ಮೈದುನ ಅಷ್ಟಕ್ಕೆ ಸುಮ್ಮನಾಗುವ ಆಸಾಮಿಯಲ್ಲ. ಈಗಿನ ಪಾದ್ರಿ ಚರ್ಚಿನ ಬಾಗಿಲು ತೆಗೆಸಿಟ್ಟಿದ್ದಾರಂತೆ, ಪೆಟ್ಟಿಗೆಯನ್ನು ಒಳಗೇ ತರಿಸಿ ಪ್ರಾರ್ಥನೆ ಮಾಡುತ್ತಾರಂತೆ, ಇಷ್ಟು ದೊಡ್ಡ ಮನಸ್ಸು ಯಾರು ಮಾಡುತ್ತಾರೆ, ಅತ್ತಿಗೆ ಮಾತ್ರ ಬೇಡ ಅನ್ನಕೂಡದು ಎಂದು ಒಂದೇ ಉಸಿರಿಗೆ ಹೇಳಿದ.

ಬೇಡ ಅನ್ನುವ ಮನಸ್ಸು ಅವಳಿಗೆಲ್ಲಿತ್ತು? ಸಂಕಟ ಇದ್ದದ್ದೇ ಅಲ್ಲಿ. ಇಷ್ಟು ವರ್ಷ ಪ್ರತಿ ಭಾನುವಾರ ಅವಳು ದೇವರನ್ನು ಕೇಳಿಕೊಂಡದ್ದು ಅದೊಂದನ್ನೇ: ಈ ಮನುಷ್ಯ ಒಂದು ಸಲ ಒಳಗೆ ಬರಲಿ. ಆದರೆ ಹೋದ ತಿಂಗಳು ಆಸ್ಪತ್ರೆಯಲ್ಲಿ ಅವನು ಅವಳ ಕೈ ಹಿಡಿದು, "ಗೇಟಿನವರೆಗೆ ಸಾಕು ಕಣೇ. ಸತ್ತ ಮೇಲೆ ನನ್ನ ಕೈಲಿ ಸುಳ್ಳು ಹೇಳಿಸಬೇಡ," ಅಂದಿದ್ದ. ಅವಳು ಹೂಂ ಅಂದುಬಿಟ್ಟಿದ್ದಳು.

*

ಇಪ್ಪತ್ತೆರಡು ವರ್ಷದ ಹಿಂದೆ ಒಂದು ಭಾನುವಾರ ಪ್ರಾರ್ಥನೆ ನಡೆಸುತ್ತಿದ್ದ ಗಂಡನ ಮಾತು ನಡುವೆಯೇ ನಿಂತುಹೋಗಿತ್ತು. ಕಣ್ಣು ಮುಚ್ಚಿ ಕೂತವರು ಕಾದರು, ಕೆಮ್ಮಿದರು. ಕೊನೆಗೆ ಸಭೆಯ ಹಿರಿಯರೊಬ್ಬರು, ಮುಗಿಯಿತೇನೋ ಅಂದುಕೊಂಡು, ತಾವೇ ಆಮೆನ್ ಅಂದರು. ಮನೆಗೆ ಬಂದವನು ಊಟದ ತಟ್ಟೆ ಮುಟ್ಟಲಿಲ್ಲ.

"ಆ ಕಡೆ ಯಾರೂ ಇಲ್ಲ ಅನ್ನಿಸಿಬಿಡ್ತು. ಇದಾರೆ ಅಂತ ಇನ್ನು ಜನಕ್ಕೆ ಹೇಳಲಾರೆ," ಅಂದ.

ಪಾದ್ರಿ ಕೆಲಸ ಬಿಟ್ಟು, ಚರ್ಚು ಕೊಟ್ಟಿದ್ದ ಮನೆ ಖಾಲಿ ಮಾಡಿದರು. ಅವನು ಪುಸ್ತಕ ಬೈಂಡ್ ಮಾಡುವ ಅಂಗಡಿ ಸೇರಿದ. ಬೆರಳ ತುದಿಗೆಲ್ಲ ಅಂಟು, ಸೂಜಿಯ ಗಾಯ. ಸಭೆಯವರು ಹರಿದ ಬೈಬಲ್ಲನ್ನು ಮುಜುಗರಪಡುತ್ತಾ ತಂದರೆ, "ಹೊಲಿಗೆಗೆ ಗ್ಯಾರಂಟಿ ಕೊಡ್ತೀನಿ, ಒಳಗಿನ ವಿಷಯ ನನ್ನ ಕೇಳಬೇಡಿ," ಎಂದು ನಗುತ್ತಿದ್ದ.

ಭಾನುವಾರ ಮಾತ್ರ ಅವಳ ಜೊತೆ ಚರ್ಚಿನ ಗೇಟಿನವರೆಗೆ ಬರುತ್ತಿದ್ದ. ಅವಳು ಒಳಗೆ, ಅವನು ಆಚೆ, ದೀಪದ ಕಂಬದ ಪಕ್ಕ. ಮಳೆ ಇರಲಿ ಬಿಸಿಲಿರಲಿ, ಆರಾಧನೆ ಮುಗಿಯುವ ತನಕ ಅಲ್ಲಿಂದ ಕದಲುತ್ತಿರಲಿಲ್ಲ. ಎದುರಿನ ಹೋಟೆಲಲ್ಲಿ ಕೂತು ಕಾಫಿ ಕುಡಿಯಬಾರದೇ ಎಂದು ಅವಳು ಗದರಿಸಿ ಸಾಕಾಗಿದ್ದಳು. ವಾಪಸು ಬರುವಾಗ, "ಇವತ್ತು ಪಾದ್ರಿಗಳ ಪ್ರಸಂಗಕ್ಕೆ ನೀನು ಚೆನ್ನಾಗಿ ತೂಕಡಿಸಿದೆ," ಎಂದು ರೇಗಿಸುತ್ತಿದ್ದ. ಇಷ್ಟು ವರ್ಷ ಬಾಳಿದ ಗಂಡ, ನನ್ನ ನಿದ್ದೆ ಗೊತ್ತಿಲ್ಲವೇ, ಊಹೆಯ ಮೇಲೆ ಹೇಳುತ್ತಾನೆ ಅಂದುಕೊಳ್ಳುತ್ತಿದ್ದಳು.

*

ಪೆಟ್ಟಿಗೆ ಹೊತ್ತವರು ಗೇಟಿಗೆ ಬಂದರು. ಒಳಗಿನ ಬಾಗಿಲಲ್ಲಿ ಪಾದ್ರಿ ಕಾಯುತ್ತಿದ್ದರು. ಹೆಚ್ಚೆಂದರೆ ಇಪ್ಪತ್ತು ಹೆಜ್ಜೆ, ಬೇಡ ಅನ್ನಲು ಅವನಿಗಿನ್ನು ಬಾಯಿಲ್ಲ. ಕೊನೆಗೂ ಕೊಟ್ಟೆಯಲ್ಲ ದೇವರೇ, ಆದರೆ ಹೀಗಾ ಕೊಡೋದು, ಅಂದುಕೊಂಡಳು.

"ಇಲ್ಲೇ ಇಳಿಸಿ," ಅಂದಳು.

ಮೈದುನ ಬಾಗಿಲಲ್ಲಿದ್ದ ಪಾದ್ರಿಗೆ ಕೈಸನ್ನೆ ಮಾಡಿದ. ಪಾದ್ರಿಯೇ ಮೆಟ್ಟಿಲಿಳಿದು ಬಂದು, ನಾವು ಮನಸಾರೆ ಕರೆಯುತ್ತಿದ್ದೇವೆ ತಾಯಿ, ಎಂದರು.

"ಗೊತ್ತು ಅಯ್ಯನವರೇ. ನೀವು ಒಳಗೆ ನನಗೋಸ್ಕರ ಪ್ರಾರ್ಥನೆ ಮಾಡಿ. ಇಷ್ಟು ವರ್ಷ ಇವರು ಕಾದ್ರು. ಇವತ್ತು ನಾನು ಇವರ ಜೊತೆ ನಿಲ್ತೀನಿ."

ಜನ ಒಳಗೆ ಹೋದರು. ಹಾಡು ಶುರುವಾಯಿತು. ಅವಳು ದೀಪದ ಕಂಬ ಹಿಡಿದು, ಅವನು ನಿಲ್ಲುತ್ತಿದ್ದ ಜಾಗದಲ್ಲೇ ನಿಂತು ತಲೆ ಎತ್ತಿದಳು. ಎದುರಿಗೆ ಚರ್ಚಿನ ಪಕ್ಕದ ಗೋಡೆಯ ಕಿಟಕಿ ತೆರೆದಿತ್ತು. ಅದರಲ್ಲಿ ನಾಲ್ಕನೇ ಬೆಂಚಿನ ತುದಿ ಅಷ್ಟೇ ಕಾಣುತ್ತಿತ್ತು. ಅದು ಇಪ್ಪತ್ತೆರಡು ವರ್ಷ ಅವಳು ಕೂತ ಜಾಗ.

ಇವತ್ತು ಅಲ್ಲಿ ಯಾರೂ ಇರಲಿಲ್ಲ.