ತಂಗಿಯ ನೀಲಿ ಸೈಕಲ್

ದ್ವೀಪಕ್ಕೆ ಕಾಲಿಟ್ಟ ಮೊದಲ ದಿನವೇ ನನ್ನ ಹೊಟ್ಟೆಗೆ ಕಿಚ್ಚು ಹತ್ತಿತು. ಅದಕ್ಕೆ ಕಾರಣ ಒಂದು ನೀಲಿ ಸೈಕಲ್.

ರಜೆಗೆಂದು ಬಂದವರು ಮೂವರು, ನಾನು, ನನ್ನ ಗಂಡ, ನನ್ನ ತಂಗಿ. ಊರಲ್ಲಿ ನಮ್ಮದು ಸೈಕಲ್ ರಿಪೇರಿ ಅಂಗಡಿ. ಗಂಡ ಹೆಂಡತಿ ಇಬ್ಬರೂ ಹದಿನೆಂಟು ವರ್ಷದಿಂದ ಒಂದೇ ಬೆಂಚಿನ ಮೇಲೆ ಕೂತು ಪಂಕ್ಚರ್ ಹಾಕಿದವರು. ವಸತಿಗೃಹದ ಅಂಗಳಕ್ಕೆ ಮೂರು ಬಾಡಿಗೆ ಸೈಕಲ್ ಬಂದದ್ದೇ ತಡ, ನನ್ನವರು ತಂಗಿಯ ಸೈಕಲ್ಲಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತುಬಿಟ್ಟರು. ಸೀಟು ಇಳಿಸಿದರು, ಬೆಲ್ಲು ಬಿಗಿ ಮಾಡಿದರು, ಬ್ರೇಕಿನ ತಂತಿ ಬಿಚ್ಚಿ ಏನೇನೋ ಮಾಡಿದರು. ಕೊನೆಗೆ ಅವಳ ಹೆಲ್ಮೆಟ್ಟಿನ ಪಟ್ಟಿಯನ್ನೂ ಅವರೇ ಸರಿಮಾಡಿದರು. ಪೂರಾ ಒಂದು ಗಂಟೆ!

"ರೀ, ನನ್ನದು?" ಎಂದೆ.

"ನಿನ್ನದಕ್ಕೇನಾಗಿದೆ? ನೀನೇ ನೋಡ್ಕೋ."

ಚಿಕ್ಕಂದಿನಿಂದಲೂ ಹೀಗೆಯೇ. ತಂಗಿಗೆ ಜ್ವರ ಬಂದರೆ ಮನೆಯೆಲ್ಲ ಕಾವಲು, ನನಗೆ ಬಂದರೆ 'ಮಲಗೆದ್ರೆ ಸರಿಹೋಗತ್ತೆ'. ಎರಡು ತಿಂಗಳ ಹಿಂದೆ ಅವಳು ಬಲಗೈ ಮಣಿಕಟ್ಟು ಮುರಿದುಕೊಂಡಾಗಲೂ ಎಲ್ಲರೂ ಅವಳ ಸುತ್ತ. ಈಗ ನನ್ನ ಗಂಡನೂ. ಸುಳ್ಳೇಕೆ ಹೇಳಲಿ, ಮೈಯೆಲ್ಲ ಉರಿಯಿತು.

ಮರುದಿನ ಬೆಳಿಗ್ಗೆ ಕಡಲಿನ ಕಡೆ ಹೊರಟಾಗ, ಅವಳು ಬಾಟಲಿಗೆ ನೀರು ತುಂಬಿಸುತ್ತಿದ್ದ ಹೊತ್ತು ನೋಡಿ ನೀಲಿ ಸೈಕಲ್ ಹತ್ತಿ ಹೊರಟೇಬಿಟ್ಟೆ. ಎರಡೂ ಬ್ರೇಕ್ ಹಿಡಿದು ಹತ್ತು ಹೆಜ್ಜೆ ತಳ್ಳಿ ನೋಡದೆ ಯಾವ ಸೈಕಲ್ಲೂ ನಮ್ಮ ಅಂಗಡಿಯ ಬಾಗಿಲು ದಾಟುವಂತಿಲ್ಲ. ಆ ನಿಯಮ ಮಾಡಿದವಳೇ ನಾನು. ಅವತ್ತು ನಾನೇ ಮರೆತೆ.

"ಅಕ್ಕಾ, ನಿಲ್ಲೇ! ಬ್ರೇಕು..." ತಂಗಿ ಹಿಂದಿನಿಂದ ಕೂಗಿದಳು.

ಸೈಕಲ್ ಹೋಯಿತೆಂದು ಬೊಬ್ಬೆ ಹೊಡೆಯುತ್ತಿದ್ದಾಳೆ ಎಂದುಕೊಂಡು ಇನ್ನೂ ಜೋರಾಗಿ ತುಳಿದೆ. ತೆಂಗಿನ ಮರಗಳ ನಡುವೆ ಇಳಿಜಾರು, ಕೆಳಗಿನ ತಿರುವಿನಲ್ಲಿ ಗಾಳಿ ತಂದು ಸುರಿದ ಮರಳು. ಹಿಂದಿನ ಚಕ್ರ ನಿಧಾನವಾಗಲೆಂದು ಎಂದಿನಂತೆ ಎಡಗೈ ಒತ್ತಿದೆ. ಮುಂದಿನ ಚಕ್ರ ಗಕ್ಕನೆ ನಿಂತಿತು. ಹ್ಯಾಂಡಲ್ ಮೇಲಿಂದ ಹಾರಿ ರಸ್ತೆಗೆ ಬಿದ್ದೆ. ಹೆಲ್ಮೆಟ್ ಸೀಳಿತು, ತಲೆ ಉಳಿಯಿತು.

ಆಗ ಅರ್ಥವಾಯಿತು. ತಂಗಿಯ ಬಲಗೈಗೆ ಇನ್ನೂ ಬಲ ಬಂದಿಲ್ಲವೆಂದು ನನ್ನವರು ಹೆಚ್ಚು ಹಿಡಿಯುವ ಮುಂದಿನ ಬ್ರೇಕನ್ನು ಎಡಗೈಗೆ ಕೊಟ್ಟಿದ್ದರು. ಅದನ್ನು ಹೇಳಲೆಂದೇ ಅವಳು ನನ್ನ ಸೈಕಲ್ ಹತ್ತಿ ಬೆನ್ನಟ್ಟಿ ಬರುತ್ತಿದ್ದಳು, ಆ ಸೈಕಲ್ಲಿನ ಮುಂದಿನ ಬ್ರೇಕ್ ಬಲಗಡೆಗೇ ಇದ್ದರೂ. ನಿಲ್ಲಿಸಲಾಗದೆ, ನನ್ನ ಮೇಲೆ ಹಾಯಬಾರದೆಂದು ಪೊದೆಗೆ ನುಗ್ಗಿಸಿದಳು.

ನನ್ನವರು ಓಡಿಬಂದು ಮೊದಲು ಅವಳ ಮಣಿಕಟ್ಟು ಹಿಡಿದು ನೋಡಿದರು. ಆಗಲೂ ನನಗೆ ಉರಿಯಿತು, ನಾಚಿಕೆಗೆಟ್ಟ ಹೊಟ್ಟೆ!

"ಮಣಿಕಟ್ಟಿಗೇನೂ ಆಗಿಲ್ಲ. ಸೈಕಲ್ ಹೇಗೆ ಬದಲಾಯ್ತು?" ಎಂದು ಕೇಳಿದರು.

"ನಾನೇ ತಗೋ ಅಂದೆ ಭಾವ. ಬ್ರೇಕಿನ ವಿಷಯ ಹೇಳೋಕೆ ಮರೆತೆ," ಎಂದಳು ತಂಗಿ.

ಅವಳ ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಆದರೂ ನನ್ನ ಮಾನ ಕಾಯುತ್ತಿದ್ದಳು. ಒಳ್ಳೆಯತನದಲ್ಲೂ ಇವಳೇ ಮುಂದೆಯೇ? ಅದೊಂದನ್ನು ಸಹಿಸಲಾಗಲಿಲ್ಲ.

"ಸುಳ್ಳು ಹೇಳ್ತಿದಾಳೆ. ನಾನೇ ಕೇಳದೆ ತಗೊಂಡೆ. ನೀವು ನನ್ನ ಸೈಕಲ್ ಮುಟ್ಟಿಯೂ ನೋಡ್ಲಿಲ್ಲ ಅಂತ ಹೊಟ್ಟೆ ಉರೀತಿತ್ತು."

ಅವರು ನನ್ನ ಸೀಳಿದ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದರು.

"ನಿನ್ನ ಸೈಕಲ್ ನಾನೇನು ನೋಡ್ಲಿ? ಇಷ್ಟು ವರ್ಷ ನೀನು ಸರಿ ಅಂದಮೇಲೆ ತಾನೇ ನಾನು ನನ್ನ ಸೈಕಲ್ ಹತ್ತಿರೋದು? ನೀನು ನೋಡ್ತೀಯ ಅಂತ ನಂದು ನಿನ್ನೆಯಿಂದ ಅಂಗಳದಲ್ಲೇ ನಿಂತಿದೆ."

ನಾನು ಕೆಳಗೆ ನೋಡಿದೆ. ಅವರು ಬರಿಗಾಲಲ್ಲೇ ಇಡೀ ಇಳಿಜಾರು ಓಡಿ ಬಂದಿದ್ದರು.