ಎಡಕ್ಕೆ ವಾಲಿದ ವಿಶೇಷ

ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಕೂತು ಅವಳು ಆ ವರ್ಷ ಮೂರನೆಯ ಸಲ ತನ್ನದೇ ಸ್ಕರ್ಟಿನ ಸೊಂಟಪಟ್ಟಿ ಬಿಚ್ಚಿ ಅಗಲ ಮಾಡಿದಳು. ತೋಳು ಸೊರಗಿತ್ತು, ಹೊಟ್ಟೆ ಮಾತ್ರ ಬೆಳೆಯುತ್ತಿತ್ತು, ಅದೂ ಎಡಕ್ಕೆ ವಾಲಿಕೊಂಡು. ಹತ್ತು ವರ್ಷ ಮಂದಿಯ ಮೈಯಳತೆ ತೆಗೆದವಳಿಗೆ ಇದು ಗೊತ್ತಾಗದೆ ಇರಲಿಲ್ಲ. ಗೊತ್ತಾಗಿ ಏನೂ ಅನ್ನಿಸಲಿಲ್ಲ, ಅಷ್ಟೆ.

ಅನ್ನಿಸಿದ್ದು ಅತ್ತೆಗೆ. ಆರು ವರ್ಷದಿಂದ ಕಾದ ಕಣ್ಣು ಅದು. ಸೊಸೆಯನ್ನು ಕೇಳುವ ಮೊದಲೇ ಎದುರುಮನೆಯಾಕೆಗೆ "ನಮ್ಮನೇಲಿ ವಿಶೇಷ" ಎಂದುಬಿಟ್ಟರು. ಆ ಒಂದು ಪದ ಮಧ್ಯಾಹ್ನದೊಳಗೆ ಬೀದಿಯ ಕೊನೆ ಮುಟ್ಟಿತು.

"ನನಗೆ ಮುಟ್ಟು ನಿಂತಿಲ್ಲ, ಅತ್ತೆ."

"ಕೆಲವರಿಗೆ ಹಾಗೂ ಆಗತ್ತೆ."

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸ್ಕ್ಯಾನಿನ ಪರದೆಯನ್ನು ಇಬ್ಬರ ಕಡೆಗೂ ತಿರುಗಿಸಿದರು. "ಮಗು ಅಲ್ಲ. ಅಂಡಾಶಯದಲ್ಲಿ ನೀರು ತುಂಬಿದ ಗುಳ್ಳೆ, ಸಿಸ್ಟ್. ಚಿಕ್ಕದು ಎಷ್ಟೋ ಹೆಂಗಸರಿಗೆ ಬರತ್ತೆ, ತಾನಾಗೇ ಹೋಗತ್ತೆ. ನಿಮ್ಮದು ಹನ್ನೆರಡು ಸೆಂಟಿಮೀಟರ್. ತಿರುಚಿಕೊಂಡ್ರೆ ಅಂಡಾಶಯಾನೇ ಕಳ್ಕೋಬೇಕಾಗಬಹುದು. ಗುರುವಾರ ಬನ್ನಿ, ಆದಷ್ಟೂ ಗುಳ್ಳೆ ಮಾತ್ರ ತೆಗೀತೀನಿ. ಇಷ್ಟು ದಿನ ನೋವಿರಲಿಲ್ವಾ?"

"ಇತ್ತು."

"ಮತ್ತೆ?"

"ಎಲ್ಲರಿಗೂ ಇರತ್ತೆ ಅಂದ್ರು."

ಅಂದವರು ಪಕ್ಕದಲ್ಲೇ ಕೂತು ಕೈಚೀಲದ ಜಿಪ್ಪು ಎಳೆಯುತ್ತಿದ್ದರು.

ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ಅತ್ತೆ, "ಹೋಯ್ತು ಅಂದ್ಬಿಡೋಣ," ಎಂದರು.

"ಏನು ಹೋಯ್ತು?"

"ಮಗು. ನಿಲ್ಲಲಿಲ್ಲ ಅಂದ್ರೆ ಅಯ್ಯೋ ಪಾಪ ಅಂತಾರೆ. ಗುಳ್ಳೆ ಅಂದ್ರೆ ಸೊಸೇಲೇ ದೋಷ ಅಂತಾರೆ. ಈ ಸುದ್ದಿ ತಣ್ಣಗಾಗ್ಲಿ, ಆಪರೇಷನ್ನು ಆಮೇಲೆ ನೋಡೋಣ."

ಇಲ್ಲದ ಮಗುವಿಗೆ ಸಾವೂ ನಿಗದಿಯಾಗಿತ್ತು. ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಒಳಗೆಲ್ಲ ಜೋಮು ಹಿಡಿದಂತಿತ್ತು.

ಸಂಜೆ ಎದುರುಮನೆಯಾಕೆ ಹಲ್ಲುಬಿಟ್ಟುಕೊಂಡು ಬಂದರು. "ಎಷ್ಟು ತಿಂಗಳೇ, ಕಳ್ಳಿ?"

ಅತ್ತೆ ಬಾಯಿ ತೆರೆದರು. ಸೊಸೆ ಮೊದಲು ಮಾತಾಡಿದಳು.

"ತಿಂಗಳಲ್ಲ, ಸೆಂಟಿಮೀಟರು. ಹನ್ನೆರಡು. ಅಂಡಾಶಯದಲ್ಲಿ ಗುಳ್ಳೆ. ಗುರುವಾರ ಆಪರೇಷನ್."

ಗಿರಾಕಿಗೆ ಬಟ್ಟೆ ಯಾವತ್ತು ಸಿಗುತ್ತದೆಂದು ಹೇಳುವ ದನಿ ಅದು. ಅತ್ತೆ ಗೋಡೆ ನೋಡಿದರು. ಬಂದಾಕೆ ಬಾಗಿಲ ಕಡೆ ಒಮ್ಮೆ ತಿರುಗಿ, ಯಾಕೋ ಹೋಗದೆ ಸ್ಟೂಲಿನ ಮೇಲೆ ಕುಸಿದರು.

"ನಮ್ಮ ಹುಡುಗೀನೂ ತಿಂಗಳು ತಿಂಗಳು ಎರಡು ದಿನ ಮುದುಡಿಕೊಂಡು ಮಲಗ್ತಾಳೆ," ಎಂದರು, ದನಿ ತಗ್ಗಿಸಿ. "ಮದುವೆ ಆದ್ರೆ ಸರಿಹೋಗತ್ತೆ ಅಂತ ಸುಮ್ನಿದ್ದೆ. ಅದಕ್ಕೂ ಸ್ಕ್ಯಾನಿಂಗ್ ಫೋಟೋ ತೆಗೀತಾರಾ?"

ಸೊಸೆ ಹೌದೆಂದು ತಲೆಯಾಡಿಸಿದಳು.

ಅತ್ತೆ ಯಾರ ಮುಖವನ್ನೂ ನೋಡದೆ, "ಗುರುವಾರ ನಿನ್ನ ಹುಡುಗೀನೂ ಕರ್ಕೊಂಡ್ಬಾ," ಎಂದರು. "ನನ್ನ ಮಗನ ಕಾರಲ್ಲಿ ಹಿಂದುಗಡೆ ಜಾಗ ಇದೆ."