ಜಗಲಿಯ ಮೇಲಿನ ಡಬ್ಬಿ

"ಹೊಸ್ಲು ತುಳೀಬ್ಯಾಡ ಕಣೇ ಮುಂಡೆ. ಡಬ್ಬಿ ಜಗ್ಲಿ ಮ್ಯಾಲೈತೆ, ಎತ್ಕಂಡು ಕೆರೆ ಕಡೀಕ್ ನಡಿ."

ರಾಮಾಂಜಿನಪ್ಪನ ಹೆಂಡತಿ ಅಮ್ಮಯಮ್ಮ ಕಿಟಕಿಯೊಳಗಿಂದ ಅಂದಳು. ಕೋಪವೇನಿರಲಿಲ್ಲ, ಕೋಳಿ ಓಡಿಸುವಾಗ ಬರುವ ದನಿಯದು. ಮುನಿರತ್ನಮ್ಮ ಹೊಸ್ತಿಲ ಹತ್ತಿರ ಹೋಗಿಯೇ ಇರಲಿಲ್ಲ, ಗೇಟಿನ ಪಕ್ಕ ನಿಂತಿದ್ದಳು. ಕರಿಕಲ್ಲಿನ ಜಗಲಿಯ ಮೇಲೆ ಪ್ಲಾಸ್ಟಿಕ್ ಡಬ್ಬಿ ಬೆಳಗಿನಿಂದ ಬಿಸಿಲು ಕಾಯುತ್ತಿತ್ತು. ಎತ್ತಿಕೊಂಡರೆ ತಳ ಒಲೆಯಿಂದ ಇಳಿಸಿದ ಹಂಚಿನ ಹಾಗಿತ್ತು.

ಲ್ಯಾಬಿನಿಂದ ಬಂದಿದ್ದ ಹುಡುಗಿ ಅಕ್ಷತ ಮೊದಲ ದಿನ ಊರವರನ್ನೆಲ್ಲ ಸೇರಿಸಿ ಹೇಳಿದ್ದಳು. ಮೊಬೈಲಿನಷ್ಟು ಯಂತ್ರ, ಅದಕ್ಕೆ ಸಿಕ್ಕಿಸುವ ಬೆರಳಗಲದ ಕಡ್ಡಿಗಳು, ಒಂದೊಂದು ಡಬ್ಬಿಯಲ್ಲಿ ಒಂದೊಂದು; ವಾರಕ್ಕೊಂದು, ಮೇಲೆ ಒಂದಷ್ಟು ಹೆಚ್ಚಿಗೆ. "ಜೀವಕೋಶದ ಸುತ್ತ ಒಂದು ಪೊರೆ ಇರುತ್ತೆ. ಆ ಪೊರೆಯಲ್ಲಿ ಬಾಗಿಲು ಕಾಯೋ ಪ್ರೋಟೀನ್ ಇರುತ್ತೆ. ಅದನ್ನೇ ತೆಗೆದು ಈ ಕಡ್ಡಿಗೆ ಕೂರಿಸಿದೀವಿ. ನೀರಲ್ಲಿ ವಿಷ ಇದ್ರೆ ಅದಕ್ಕೆ ಗೊತ್ತಾಗುತ್ತೆ, ಕೆಂಪು ದೀಪ ಬರುತ್ತೆ. ಇಲ್ದಿದ್ರೆ ಹಸಿರು. ಆದ್ರೆ ಇದು ಹಾಲಿದ್ದ ಹಾಗೆ, ತಣ್ಣಗಿಡ್ಬೇಕು. ಬಿಸಿಲಿಗಿಟ್ರೆ ಸತ್ತೋಗುತ್ತೆ. ಆಮೇಲೆ ವಿಷದಲ್ಲೇ ಅದ್ದಿದ್ರೂ ಹಸಿರೇ."

"ಯಾರ್ನ ಒಳೀಕ್ ಬುಡ್ಬೇಕು ಅಂತ ಬಾಗ್ಲು ಕಾಯೋವ್ರು ನಮ್ಮೂರಲ್ಲೂ ಅವ್ರೆ ಬುಡವ್ವ," ಎಂದಿದ್ದಳು ಮುನಿರತ್ನಮ್ಮ. ಅಕ್ಷತ ನಕ್ಕಳು. ಬೇರೆ ಯಾರೂ ನಗಲಿಲ್ಲ.

ಕಡ್ಡಿಗಳನ್ನು ಎಲ್ಲಿಡುವುದೆಂಬ ಮಾತು ಬಂತು. ಕಾಲನಿಯ ನರಸಿಂಹಯ್ಯನ ಮನೆಯಲ್ಲಿ ಹೊಸ ಫ್ರಿಜ್ಜಿತ್ತು. "ಅವರ ಫ್ರಿಜ್ಜಲ್ಲಿ ಏನೇನ್ ಇಟ್ಟಿರ್ತಾರೋ, ಯಾವನ್ ಕಂಡವ್ನೆ," ಎಂದ ರಾಮಾಂಜಿನಪ್ಪ. "ಸರ್ಕಾರದ್ ವಸ್ತು, ನಮ್ಮನೇಲಿರ್ಲಿ. ಕೆರೆಗಿಳಿಯಕ್ಕೆ ಮುನಿರತ್ನಿ ಅವ್ಳೆ. ಅವ್ಳಿಗೆ ನಾತ ಬಡಿಯಾಕಿಲ್ಲ."

ರಾಮಾಂಜಿನಪ್ಪನ ಹೊಲದ ಶೆಡ್ಡಿನಲ್ಲಿ ಬಟ್ಟೆಗೆ ಬಣ್ಣ ಹಾಕುತ್ತಿದ್ದರು. ಬಾಡಿಗೆ ಅವನಿಗೆ ಬರುತ್ತಿತ್ತು, ನೀರು ಕೆರೆಗೆ ಬರುತ್ತಿತ್ತು. ಏರಿಯ ಕೆಳಗಿನ ಬೋರಿನಿಂದಲೇ ಕಾಲನಿಯ ನಲ್ಲಿಗೆ ನೀರು. ಅದೇ ನೀರಲ್ಲಿ ಮೀಯುವ ಮುನಿರತ್ನಮ್ಮನ ಮೊಮ್ಮಗಳು ಸಿಂಚನ ಹೋಂವರ್ಕ್ ಮಾಡುತ್ತಲೇ ಸ್ಕೇಲಿನಿಂದ ಕಾಲು ಕೆರೆದುಕೊಳ್ಳುತ್ತಿದ್ದಳು. ಸ್ಕೇಲಿನ ಅಂಚಿಗೆ ರಕ್ತ ಒಣಗಿರುತ್ತಿತ್ತು. ಸರ್ಕಾರ ತನಿಖೆ ಮಾಡಿಸುತ್ತಿತ್ತು. ಕೆಂಪು ಬಂದರೆ ಶೆಡ್ಡು ಬಂದ್. ಹಸಿರು ಬಂದರೆ ತನಿಖೆ ಬಂದ್.

ಬಿಸಿ ಡಬ್ಬಿ ಎತ್ತಿಕೊಂಡು ಹೋದ ಆ ದಿನ ಕೆರೆ ನೇರಳೆ ಬಣ್ಣಕ್ಕಿತ್ತು. ಯಂತ್ರ ಹಸಿರು ತೋರಿಸಿತು.

"ಬಿಸ್ಲಲ್ಲಿಡ್ಬ್ಯಾಡಿ ಯಜಮಾನ್ರೆ," ಎಂದಳು ವಾಪಸು ಬಂದು.

"ಇನ್ನೇನು, ಅಡ್ಗೆಮನೇಗ್ ಬಂದ್ ತಗಂಡೋಗ್ತೀಯಾ?" ಎಂದ ರಾಮಾಂಜಿನಪ್ಪ.

ಅವಳು ಅಕ್ಷತಳಿಗೆ ಫೋನು ಮಾಡಿದಳು. "ಹೊರಗಿಡ್ತಾರಾ? ನೀವೇ ಒಳಗಿಂದ ತಗೋಬಹುದಲ್ಲಮ್ಮ, ಯಾಕೆ?" ಎಂದಳು ಹುಡುಗಿ. ಮುನಿರತ್ನಮ್ಮ ಕರೆನ್ಸಿ ಇಲ್ಲವೆಂದು ಫೋನು ಇಟ್ಟುಬಿಟ್ಟಳು. ಕರೆನ್ಸಿ ಇತ್ತು.

ಕೊನೆಯ ಪರೀಕ್ಷೆಗೆ ತನಿಖೆಯ ಸಾಹೇಬರೇ ಬಂದರು, ವೇಣುಗೋಪಾಲ್ ಅಂತ. ಇದೂ ಹಸಿರಾದರೆ ಫೈಲು ಮುಗಿಯಿತು. ರಾಮಾಂಜಿನಪ್ಪನ ಮನೆಯ ಸೋಫಾದಲ್ಲಿ ಕೂತು ಬೋಂಡ ತಿನ್ನುತ್ತಿದ್ದರು. ಮುನಿರತ್ನಮ್ಮ ಕೆರೆಯಂಗಳದಲ್ಲಿ ಹುಲ್ಲು ಕೊಯ್ದು ಕೆಸರುಗಾಲಲ್ಲೇ ನೇರವಾಗಿ ಬಂದಿದ್ದಳು.

"ಅವ್ಳು ಬಂದವ್ಳೆ, ಡಬ್ಬಿ ಆಚೀಗಿಡೇ," ಎಂದ ರಾಮಾಂಜಿನಪ್ಪ ಹೆಂಡತಿಗೆ. "ನೀವ್ ನಿಧಾನಕ್ ತಿನ್ನಿ ಸಾರ್. ಅದೆಲ್ಲೂ ಓಡೋಗಾಕಿಲ್ಲ."

"ಆಚೀಗಿಡ್ಬ್ಯಾಡಿ," ಎಂದಳು ಮುನಿರತ್ನಮ್ಮ ಗೇಟಿನಿಂದ.

"ಯಾಕಮ್ಮ?" ಸಾಹೇಬರು ಕೇಳಿದರು.

"ಸಾಯ್ತದೆ ಸಾ."

"ನೋಡಿ ಸಾರ್, ಈ ಲೌಡಿಗೆ ಸೈನ್ಸ್ ಬಂದ್ಬುಡ್ತು."

ಸಾಹೇಬರು ಅಗಿಯುತ್ತಲೇ ನಕ್ಕರು.

ಮುನಿರತ್ನಮ್ಮ ಚಪ್ಪಲಿ ಬಿಟ್ಟಳು. ಮೆಟ್ಟಿಲು ಹತ್ತಿದಳು. ಜಗಲಿ ದಾಟಿ ಹೊಸ್ತಿಲು ದಾಟಿದಳು. ಅದು ಅಷ್ಟೇನೂ ಎತ್ತರವಿರಲಿಲ್ಲ. ಬಿಳಿ ಟೈಲ್ಸಿನ ಮೇಲೆ ನೇರಳೆ ಕೆಸರಿನ ಹೆಜ್ಜೆಗಳು ಸೋಫಾ ದಾಟಿ, ದೇವರಮನೆ ದಾಟಿ ಅಡುಗೆಮನೆಗೆ ಹೋದವು. ಅಮ್ಮಯಮ್ಮ ಮಜ್ಜಿಗೆ ಲೋಟ ಹಿಡಿದವಳು ಹಾಗೇ ಗೋಡೆಗೆ ಒರಗಿಕೊಂಡಳು.

ಫ್ರಿಜ್ಜು ತೆಗೆದಾಗ ಮುಖಕ್ಕೆ ತಣ್ಣಗೆ ಗಾಳಿ ಬಂತು. ಮೊಸರು, ಸೇವಂತಿಗೆ, ಕೊತ್ತಂಬರಿ ಕಟ್ಟು, ಅದರ ಹಿಂದೆ ಉಳಿದ ಡಬ್ಬಿಗಳು. ಎಲ್ಲವನ್ನೂ ಮಡಿಲಿಗೆ ಹಾಕಿಕೊಂಡಳು. ಬಾಗಿಲು ಸರಿಯಾಗಿ ಮುಚ್ಚಿದಳು, ಕರೆಂಟು ದಂಡವಾಗಬಾರದು.

ಗೇಟು ದಾಟುವಾಗ ರಾಮಾಂಜಿನಪ್ಪನಿಗೆ ಬಾಯಿ ಬಂತು. "ಏಯ್ ಬೋಳಿ, ಮನೆ ಕೆಡಿಸ್ಬುಟ್ಟಲ್ಲೇ, ನಿನ್ನ ವಂಶ ಎಕ್ಕುಟ್ಟೋಗ." ಅವಳು ತಿರುಗಲಿಲ್ಲ. ದಾರಿಯಲ್ಲಿ ನರಸಿಂಹಯ್ಯನ ಹೆಂಡತಿಯ ಕೈಗೆ ಡಬ್ಬಿಗಳನ್ನು ಕೊಟ್ಟು, ಒಂದನ್ನು ಮಾತ್ರ ಉಳಿಸಿಕೊಂಡು ಕೆರೆಗಿಳಿದಳು. ಸಾಹೇಬರು ಮೂಗಿಗೆ ಕರ್ಚೀಫು ಒತ್ತಿಕೊಂಡು ಏರಿಯ ಮೇಲೆ ನಿಂತರು.

ಕೆಂಪು ಹತ್ತಿತು.

ಸಾಹೇಬರು ಯಂತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇಷ್ಟು ವಾರ ಹಸಿರು, ಇವತ್ತೊಂದಿನ ಕೆಂಪು. ಹಿಂಗೆ ಬರೆಯೋಕಾಗಲ್ಲಮ್ಮ. ಇನ್ನೊಂದು ಕಡ್ಡಿ ಹಾಕಿ ನೋಡ್ಬೇಕು. ತಗೊಂಬಾ."

"ನರಸಿಂಹಯ್ಯನ್ ಮನೆ ಫ್ರಿಜ್ಜಲ್ಲವೆ ಸಾ. ನೀವೇ ಬಂದ್ ತಕ್ಕಳಿ. ನಮ್ಮಟ್ಟೀಲಿ ಯಾರ್ನೂ ಆಚೆ ನಿಲ್ಸಾಕಿಲ್ಲ."

ಸಾಹೇಬರು ಕಾಲನಿಯ ಕಡೆ ನೋಡಿದರು. ಆಮೇಲೆ ರಾಮಾಂಜಿನಪ್ಪನ ಮನೆಯ ಕಡೆ ನೋಡಿದರು. ಅಲ್ಲಿ ಇಬ್ಬರು ಆಳುಗಳು ಫ್ರಿಜ್ಜನ್ನು ಹೊರಗೆ ಹೊತ್ತು ತಂದಿದ್ದರು. ಮೊಸರು, ಹೂವು ಆಗಲೇ ತಿಪ್ಪೆ ಸೇರಿದ್ದವು. ಅಮ್ಮಯಮ್ಮ ಅದರ ಒಳಗೆಲ್ಲ ಗಂಜಲ ಚಿಮುಕಿಸುತ್ತಿದ್ದಳು. ಜಗಲಿಯ ಮೇಲೆ, ಡಬ್ಬಿ ಇಡುತ್ತಿದ್ದ ಜಾಗದಲ್ಲೇ, ಫ್ರಿಜ್ಜು ಬಾಗಿಲು ತೆರೆದುಕೊಂಡು ಬಿಸಿಲು ಕಾಯುತ್ತಿತ್ತು.